ಎಡಗೈಗೊಂದು ಕೋವಿ

ಶಿವಮೊಗ್ಗದ ಗೌಸ್ ಸಾಹೇಬರ ಅಂಗಡಿಯಲ್ಲಿ
ಗಾಜಿನ ಮೇಲೆ ಹಳೇ ಕಂಬಳಿ ಹಾಸಿ
ಎರಡು ಕೋವಿ ಮಲಗಿಸಿದ್ದಾರೆ,
ಮದುವೆಗೆ ಸೀರೆ ಬಿಡಿಸಿ ತೋರಿಸಿದ ಹಾಗೆ.

ಒಂದು ಇಟಲಿಯದು. ಅಕ್ರೋಟಿನ ಮರ,
ಹೆರಳಿನಂಥ ಗೆರೆ, ಎಣ್ಣೆಯ ಹೊಳಪು.
ಯಾರೋ ಎಸ್ಟೇಟಿನವರು ಎರಡು ಸಲ ಹಾರಿಸಿ
ಹತ್ತು ವರ್ಷ ಬೀರುವಿನಲ್ಲಿಟ್ಟು ಪೂಜಿಸಿದ್ದು.
ಇನ್ನೊಂದು ಟರ್ಕಿಯದು. ಕರೀ ಪ್ಲಾಸ್ಟಿಕ್ ಮೈ,
ಮೂತಿಯ ಹತ್ತಿರ ಗೀರು. ಆಡಿ ಬಂದದ್ದು
ಅಂತ ನೋಡಿದರೇ ಗೊತ್ತಾಗುತ್ತದೆ.

"ಇದು ಒದೆಯಿಂದಲೇ ಓಡ್ತದಮ್ಮ,
ಹಗುರದ ತೋಟೆ ಹಾಕಿದ್ರೆ ಮುನಿಸ್ಕೊಳ್ತದೆ.
ಅದು ತನ್ನ ಹೊಗೆ ತಾನೇ ನುಂಗಿ ಕೆಲಸ ಮಾಡ್ತದೆ,
ಭುಜಕ್ಕೆ ಮೆತ್ತಗೆ. ಆದ್ರೆ ಮಸಿ ತಿಂದದ್ದಕ್ಕೆ
ಪ್ರತಿ ಸಲ ಸ್ನಾನ ಮಾಡಿಸ್ಬೇಕು."

ನನಗೆ ಹಂದಿ ಬೇಡ, ಹಕ್ಕಿ ಬೇಡ.
ನನ್ನ ಆಟದಲ್ಲಿ ಬೀಳುವುದೆಲ್ಲ ಉಕ್ಕಿನ ತಟ್ಟೆ,
ಭದ್ರಾವತಿಯ ನನ್ನ ಲೇತಿನ ಶೆಡ್ಡಿನಲ್ಲೇ ಕೊರೆದು
ಬಿಳಿ ಬಣ್ಣ ಬಳಿದು ಕಳಿಸಿದ ತಟ್ಟೆಗಳು.
ಪಿಸ್ತೂಲು, ರೈಫಲ್ಲು, ಕೋವಿ, ಮೂರೂ ಒಂದೇ ಓಟದಲ್ಲಿ.
ಕಿವಿಯ ಪಕ್ಕ ಟೈಮರ್ ಕೀಂ ಅಂದರೆ
ಆಮೇಲೆ ದೇವರೂ ಕಾಯುವುದಿಲ್ಲ.
ಹೋದ ಸಲ ಒಂದೂ ತಟ್ಟೆ ತಪ್ಪದೆ
ಕಡೆಯಿಂದ ಎರಡನೆಯವಳಾದೆ,
ಜೋಡುನಳಿಗೆ ಮಡಚಿ, ಎರಡೆರಡೇ ತುಂಬಿಸುತ್ತ.
ಗುರಿಯಿದ್ದು ಏನು ಬಂತು
ತುಂಬಲು ಬರದಿದ್ದರೆ?

ಅದಕ್ಕೇ ಮರ ನೋಡಲಿಲ್ಲ, ಹೆಸರು ನೋಡಲಿಲ್ಲ.
ಕೋವಿಯನ್ನು ಅಂಗಾತ ತಿರುಗಿಸಿ
ಹೊಟ್ಟೆಯ ಬಾಯಿಗೆ ಸುಳ್ಳುತೋಟೆ ಒತ್ತಿದೆ.
ಇಟಲಿಯವಳು ಮೂರನೆಯದಕ್ಕೆ ಹೆಬ್ಬೆರಳು ಕಚ್ಚಿದಳು.
ಟರ್ಕಿಯವಳು ಐದನೆಯದಕ್ಕೆ.
ಸಾಹೇಬರು ಕನ್ನಡಕ ಹಣೆಗೇರಿಸಿದರು:
"ನಲವತ್ತು ವರ್ಷ ಆಯ್ತು. ಎತ್ತಿನ ಹಲ್ಲು ನೋಡ್ದಂಗೆ
ಕೋವಿ ನೋಡೋ ಗಿರಾಕಿ ಕಂಡಿರಲಿಲ್ಲ."

ಆಮೇಲೆ ಎತ್ತಿ ಹಿಡಿದೆ, ಎಡಗೆನ್ನೆಗೆ.
ಅವರು ಮಾತು ನಿಲ್ಲಿಸಿದರು.

ಹೌದು, ಎಡಚಿ.
ಶಾಲೆಯಲ್ಲಿ ಬಳಪ ಕಿತ್ತು ಬಲಗೈಗಿಟ್ಟರು.
ಊಟದ ಪಂಕ್ತಿಯಲ್ಲಿ ಅತ್ತೆ ಮಣಿಕಟ್ಟಿಗೆ ಸೌಟು ತಟ್ಟಿದರು.
ಲೇತಿನ ಹಿಡಿ ಬಲಕ್ಕೆ, ಕತ್ತರಿ ಬಲಕ್ಕೆ,
ಕುದುರೆಯ ಹಿಂದಿನ ಬೀಗದ ಗುಂಡಿಯೂ
ಬಲಗೈ ಬೆರಳಿಗೇ.
ಖಾಲಿ ತೋಟೆ ಬಲಕ್ಕೆ ಚಿಮ್ಮಿ
ನನ್ನ ಕಣ್ಣೆದುರೇ ದಾಟಿ ಹೋಗುತ್ತದೆ.
ರೆಪ್ಪೆ ಬಡಿಯದಿರಲು ಕಲಿಯುತ್ತೇನೆ.
ಅಂಥದ್ದು ಬೇಕಾದಷ್ಟು ಕಲಿತಿದ್ದೇನೆ.

ಸಾಹೇಬರು ಏನೂ ಕೇಳದೆ ಡ್ರಾಯರಿನಿಂದ
ಸಣ್ಣ ಸುತ್ತಿಗೆ, ಹಿತ್ತಾಳೆ ಕಡ್ಡಿ ತೆಗೆದರು.
ಟರ್ಕಿಯವಳ ಪಿನ್ನು ಬಡಿದು, ಕುದುರೆಯ ಗೂಡು ಹೊರಗೆಳೆದು,
ಗುಂಡಿ ಬಿಚ್ಚಿ,
ಸಾಸಿವೆಯಷ್ಟು ಸ್ಪ್ರಿಂಗು ಹಾರದಂತೆ ಉಗುರಲ್ಲಿ ಅದುಮಿ
ಆಚೆಯದನ್ನು ಈಚೆಗೆ ತಿರುಗಿಸಿ ಕೂರಿಸಿದರು.
"ತಗೊ. ತಿರುಗಿಸೋಕೆ ಬರೋ ಹಾಗೇ ಮಾಡಿರ್ತಾರೆ.
ಯಾರೂ ಕೇಳಲ್ಲ, ಅಷ್ಟೆ."

ನಾಲ್ಕು ನಿಮಿಷ ಹನ್ನೊಂದು ಸೆಕೆಂಡು.
ಚೀಲದಿಂದ ಟೈಮರ್ ತೆಗೆದು ಅದನ್ನೇ ನೋಡುತ್ತಿದ್ದೆ,
ಬೇರೆಲ್ಲಾದರೂ ನೋಡಬೇಕಿತ್ತು ಆಗ.

ಬಾಯಂಚನ್ನು ಮನೆಯಲ್ಲೇ ಉಜ್ಜಿಕೊಳ್ಳುತ್ತೇನೆ ಅಂದೆ.
"ಲೇತು ನಿಂದು, ಅರ ನಂದು.
ಲೈಸೆನ್ಸು ನನ್ನ ಗೋಡೆ ಮೇಲಿದೆ. ಮಂಗಳವಾರ ಬಾ."
ರಿಜಿಸ್ಟರಿಗೆ ಎಡಗೈಯಲ್ಲಿ ಸಹಿ ಹಾಕುವಾಗ
ಕಚ್ಚಿಸಿಕೊಂಡ ಬೆರಳಿನ ಕೆಂಪು ಹಾಳೆಗೆ ಮೆತ್ತಿತು.
"ಹೆಬ್ಬೆಟ್ಟು ಬೇಡಮ್ಮ, ಸಹಿ ಸಾಕು."

ಭದ್ರಾವತಿ ಬಸ್ಸಿನಲ್ಲಿ ಬರಿಗೈ.
ಹೆಬ್ಬೆರಳು ತನ್ನಷ್ಟಕ್ಕೆ ಗಾಳಿಯನ್ನು ಒತ್ತುತ್ತಿತ್ತು,
ಒಂದು, ಎರಡು, ಮೂರು, ನಾಲ್ಕು.
ಕಂಡಕ್ಟರ್ ಬಾಗಿ ನೋಡಿದ:
"ಚಿಲ್ರೆ ಸರಿ ಇದೆಯಲ್ಲ ಮೇಡಂ?"
"ಐದನೆಯದು ಬಾಕಿ" ಅಂದೆ.